ಕಪ್ಪು ಕಾರ್ಬನ್ ಬೋರ್ಡಿಗೆ ಬಿಳಿ ಡೆಕ್, ಉಡುಪಿ ಸೀರೆ, ಒಂದು ಗಾಳಿ ತೂತು

ಸಸಿಹಿತ್ಲು ಬೀಚಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿ 34 ಡಿಗ್ರಿ ಇದ್ದಾಗ ಕಪ್ಪು ಕಾರ್ಬನ್ ಸರ್ಫ್ ಬೋರ್ಡಿನ ಡೆಕ್ಕಿಗೆ, ಅಂದ್ರೆ ನಾವು ನಿಲ್ಲುವ ಮೇಲಿನ ಮೈಗೆ, ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದ್ರೆ 73 ತೋರಿಸ್ತದೆ. ಕೈ ಇಟ್ಟು ಎರಡು ಸೆಕೆಂಡ್ ತಡ್ಕೊಳ್ಳಿಕ್ಕೆ ಆಗುದಿಲ್ಲ. ಕಾಲು ಜಾರದ ಹಾಗೆ ಹಚ್ಚಿದ ವ್ಯಾಕ್ಸ್ ಎಲ್ಲ ನೀರಾಗಿ ರೈಲ್ (ಬೋರ್ಡಿನ ಬದಿಯ ಅಂಚು) ಮೇಲಿಂದ ಇಳಿದು ಮರಳಿಗೆ ಹೋಗಿರ್ತದೆ. ಕಾರ್ಬನ್ ಬೋರ್ಡ್ ಅಂದ್ರೆ ಗಟ್ಟಿ, ಹಗುರ, ಜನ್ಮಕ್ಕೆ ಸಾಕು ಅಂತ ತುಂಬ ಜನ ತಗೊಳ್ತಾರೆ, ಗಟ್ಟಿ ಹೌದು, ಆದ್ರೆ ನಮ್ಮ ಕರಾವಳಿಯಲ್ಲಿ ಅದನ್ನು ಹಾಳು ಮಾಡುದು ಅಲೆ ಅಲ್ಲ, ಕಲ್ಲು ಅಲ್ಲ, ಬಿಸಿಲು. ಅದಕ್ಕೇ ನಾನು ನನ್ನ ಬೋರ್ಡಿಗೆ ಎಂತೆಲ್ಲ ಮಾಡಿದೆ ಅಂತ ಪೂರ್ತಿ ಬರೀತಿದ್ದೇನೆ, ಮುಲ್ಕಿ, ಮಂಗಳೂರು, ಮಲ್ಪೆ ಕಡೆ ಇಂಥ ಬೋರ್ಡ್ ಇಟ್ಕೊಂಡವರಿಗೆ ಉಪಯೋಗ ಆಗ್ಬೇಕು.

ಬೋರ್ಡ್ 6 ಅಡಿ 2 ಇಂಚು, ಸೆಕೆಂಡ್ ಹ್ಯಾಂಡ್. ಮುಲ್ಕಿಗೆ ಸರ್ಫ್ ಮಾಡ್ಲಿಕ್ಕೆ ಬಂದಿದ್ದ ಒಬ್ಬರು ಊರಿಗೆ ವಾಪಸ್ ಹೋಗುವಾಗ ಕೊಟ್ಟು ಹೋದದ್ದು. ಒಳಗೆ ಇಪಿಎಸ್, ಅಂದ್ರೆ ನಮ್ಮ ಥರ್ಮಾಕೋಲೇ, ಸ್ವಲ್ಪ ದಟ್ಟ ಜಾತಿದು ಅಷ್ಟೆ. ನಡುವೆ ಬಲಕ್ಕೆ ಹಾಕುವ ಮರದ ಪಟ್ಟಿ, ಅಂದ್ರೆ ಸ್ಟ್ರಿಂಗರ್ ಇಲ್ಲ, ಮೇಲೆ ಕೆಳಗೆ ಎರಡೂ ಕಡೆ ಕಾರ್ಬನ್ ಬಟ್ಟೆ, ಎಪಾಕ್ಸಿ (ಹಾರ್ಡ್‌ನರ್ ಕಲಸಿದ್ರೆ ಗಟ್ಟಿಯಾಗುವ ಅಂಟು ರೆಸಿನ್) ಹಾಕಿ ವ್ಯಾಕ್ಯೂಮ್ ಬ್ಯಾಗಲ್ಲಿ ಒತ್ತಿ ಮಾಡಿದ್ದು. ತೂಕ 2.6 ಕಿಲೋ. ಪ್ಯಾಡಲ್ ಮಾಡುವಾಗ ಎದೆ ಬರುವ ಜಾಗದಲ್ಲಿ ಅಂಗೈ ಅಗಲಕ್ಕೆ ಡೆಕ್ ಪೂರಿ ಹಾಗೆ ಉಬ್ಬಿತ್ತು, ಒತ್ತಿದ್ರೆ ಟಕ್ ಅಂತ ಒಳಗೆ ಹೋಗಿ ಮತ್ತೆ ಮೇಲೆ ಬರ್ತಿತ್ತು. ಅದೇ ಡೀಲ್ಯಾಮ್, ಚರ್ಮ ಒಂದು ಕಡೆ ಫೋಮ್ ಒಂದು ಕಡೆ.

ಯಾಕೆ ಹೀಗಾಗ್ತದೆ ಅಂತ ಗೊತ್ತಿದ್ರೆ ಅರ್ಧ ರಿಪೇರಿ ಮುಗಿದ ಹಾಗೆ. ಕಾರ್ಬನ್ ನಾರಿಗೆ ಈ ಬಿಸಿ ಎಂತದೂ ಅಲ್ಲ, ಅದನ್ನು ತಯಾರು ಮಾಡುವಾಗಲೇ ಸಾವಿರ ಡಿಗ್ರಿ ದಾಟಿಸಿರ್ತಾರೆ. ಪೆಟ್ಟು ತಿನ್ನುದು ಅದನ್ನು ಹಿಡ್ಕೊಂಡಿರುವ ಎಪಾಕ್ಸಿ ಮತ್ತೆ ಅದರ ಕೆಳಗಿನ ಥರ್ಮಾಕೋಲ್. ರೂಮ್ ಟೆಂಪರೇಚರಲ್ಲಿ ಸೆಟ್ ಆದ ಎಪಾಕ್ಸಿ ಹೆಚ್ಚಿನದ್ದು 50-60 ಡಿಗ್ರಿ ಹತ್ರ ಹತ್ರ ಮೆದು ಆಗ್ಲಿಕ್ಕೆ ಸುರು ಮಾಡ್ತದೆ, ಕರಗುದಿಲ್ಲ, ರಬ್ಬರ್ ಹಾಗೆ ಬಗ್ಗುವ ಸ್ಥಿತಿಗೆ ಬರ್ತದೆ. ಥರ್ಮಾಕೋಲ್ 80 ಸುತ್ತ ಸೋಲ್ತದೆ, 100ರ ಹತ್ರ ಪಾಲಿಸ್ಟೈರೀನ್ ಪೂರ್ತಿ ಕುಗ್ಗಿ ಹೋಗ್ತದೆ. ಅಂದ್ರೆ 73 ಡಿಗ್ರಿಯಲ್ಲಿ ಫೋಮ್ ಇನ್ನೂ ನಿಂತಿರ್ತದೆ, ಆದ್ರೆ ಫೋಮಿಗೂ ಕಾರ್ಬನ್ನಿಗೂ ಇರುವ ಅಂಟು ಆಗಲೇ ಸಡಿಲ. ಅದೇ ಹೊತ್ತಿಗೆ ಒಳಗಿನ ಗಾಳಿ ಹಿಗ್ತದೆ. ಥರ್ಮಾಕೋಲಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಗಾಳಿಯೇ ಇರುದು, 28 ಡಿಗ್ರಿಯಿಂದ 70 ಡಿಗ್ರಿಗೆ ಹೋದ್ರೆ ಆ ಗಾಳಿಯ ಒತ್ತಡ ಸುಮಾರು 14 ಪರ್ಸೆಂಟ್ ಏರ್ತದೆ, ಲೆಕ್ಕ ಹಾಕಿದ್ರೆ ಚದರ ಅಡಿಗೆ 130 ಕಿಲೋ ಆಸುಪಾಸು ಒಳಗಿಂದ ಮೇಲಕ್ಕೆ ನೂಕುವ ಬಲ. ಇಡೀ ಬೋರ್ಡ್ ಒಳಗಿನವರೆಗೆ ಅಷ್ಟು ಬೇಗ ಕಾಯುದಿಲ್ಲ, ಥರ್ಮಾಕೋಲ್ ಬಿಸಿ ಒಳಗೆ ಬಿಡುದಿಲ್ಲ ಅಲ್ವಾ, ಆದ್ರೆ ಕಾಯುವ ಮೇಲಿನ ಪದರವೇ ಅಂಟು ಇರುವ ಜಾಗ. ಮೆದುವಾದ ಅಂಟು, ಕೆಳಗಿಂದ ಒತ್ತಡ, ಮೇಲಿಂದ ಎದೆಭಾರ, ಉಬ್ಬದೆ ಎಂತ ಮಾಡ್ತದೆ?

ಉಬ್ಬುವ ಮೊದಲೇ ಒಂದು ಸೂಚನೆ ಸಿಗ್ತದೆ. ಹೊಸದರಲ್ಲಿ ಗಾಜಿನ ಹಾಗೆ ನುಣ್ಣಗೆ ಇದ್ದ ಡೆಕ್ಕಲ್ಲಿ ಕಾರ್ಬನ್ ನೇಯ್ಗೆಯ ಚೌಕ ಚೌಕ ಬೆರಳಿಗೆ ತಾಗ್ಲಿಕ್ಕೆ ಸುರು ಆಗ್ತದೆ, ಓರೆ ಬೆಳಕಲ್ಲಿ ನೋಡಿದ್ರೆ ಕಣ್ಣಿಗೂ ಕಾಣ್ತದೆ. ಆ ರೆಸಿನ್ ಒಮ್ಮೆ ಅದರ ಮಿತಿ ದಾಟಿ ಮೆದುವಾಗಿ ಪುನಃ ಕುಳಿತಿದೆ ಅಂತ ಅರ್ಥ. ನನ್ನ ಬೋರ್ಡಲ್ಲಿ ಉಬ್ಬಿದ ಜಾಗದ ಸುತ್ತ ಒಂದು ಮೊಳ ದೂರದವರೆಗೆ ಹೀಗೆ ಇತ್ತು.

ಕೆಲಸ ಸುರು ಮಾಡಿದ್ದು ಚಳಿ ಮುಗಿಯುವ ಹೊತ್ತಿಗೆ, ಫೆಬ್ರವರಿಯಲ್ಲಿ. ಮಳೆಗಾಲದಲ್ಲಿ ಎಪಾಕ್ಸಿ ಕೆಲಸಕ್ಕೆ ಇಳಿಬೇಡಿ, ಗಾಳಿಯಲ್ಲಿ ಅಷ್ಟು ತೇವ ಇದ್ದಾಗ ಮೇಲ್ಮೈಗೆ ಮೇಣದ ಹಾಗೆ ಒಂದು ಜಿಡ್ಡು ಪದರ ಬರ್ತದೆ, ಅದರ ಮೇಲೆ ಎಂತ ಹಾಕಿದ್ರೂ ಹಿಡಿಯುದಿಲ್ಲ. ಒಣ ದಿನದಲ್ಲೂ ಸ್ವಲ್ಪ ಬರ್ಬಹುದು, ಹಾಗಾಗಿ ಪ್ರತಿ ಪದರ ಗಟ್ಟಿಯಾದ ಮೇಲೆ ಸಾದಾ ನೀರು ಹಾಕಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬರಲ್ಲಿ ತಿಕ್ಕಿ ತೊಳೆದು ಒಣಗಿಸಿಯೇ ಮುಂದಿನ ಕೆಲಸ. ತೊಳೆಯದೆ ನೇರ ಉಜ್ಜುವ ಪೇಪರ್ ಹಾಕಿದ್ರೆ ಆ ಜಿಡ್ಡನ್ನು ಒಳಗೇ ಉಜ್ಜಿದ ಹಾಗೆ ಆಗ್ತದೆ.

ರೆಸಿನ್ ವಿಷಯ ದೊಡ್ಡ ಅಕ್ಷರದಲ್ಲಿ ಬರೀಬೇಕು ಅಂತ ಅನಿಸ್ತದೆ. ನಮ್ಮಲ್ಲಿ ಮಂಗಳೂರು ಬಂದರು, ಮಲ್ಪೆ ಕಡೆ ದೋಣಿಯ ಫೈಬರ್ ಸಾಮಾನು ಸುಲಭಕ್ಕೆ ಸಿಗ್ತದೆ, ಅಂಗಡಿಯಲ್ಲಿ "ಫೈಬರ್ ರೆಸಿನ್" ಕೇಳಿದ್ರೆ ಕೊಡುದು ಪಾಲಿಯೆಸ್ಟರ್, ಅದು ದೋಣಿಗೆ ಸರಿ. ಅದರಲ್ಲಿ ಸ್ಟೈರೀನ್ ಉಂಟು, ಥರ್ಮಾಕೋಲಿಗೆ ತಾಗಿದ ಕೂಡಲೇ ತಿಂದು ಗುಂಡಿ ಮಾಡ್ತದೆ. ಇಪಿಎಸ್ ಬೋರ್ಡಿಗೆ ಎಪಾಕ್ಸಿ ಮಾತ್ರ. ಕೈಯಲ್ಲಿ ಇರುದು ಯಾವುದು ಅಂತ ಡೌಟ್ ಇದ್ರೆ ಪ್ಯಾಕಿಂಗ್ ಥರ್ಮಾಕೋಲಿನ ಒಂದು ಚೂರಿನ ಮೇಲೆ ಹನಿ ಹಾಕಿ ನೋಡಿ, ಐದು ನಿಮಿಷದಲ್ಲಿ ಉತ್ತರ ಸಿಗ್ತದೆ. ಅಸಿಟೋನ್ ಕೂಡ ಹಾಗೇ, ಡೆಕ್ಕಲ್ಲಿ ತೂತು ಇದ್ದಾಗ ಅಸಿಟೋನ್ ಬಳಿದ್ರೆ ಒಳಗೆ ಇಳಿದು ಫೋಮಲ್ಲಿ ಗುಹೆ ಮಾಡ್ತದೆ. ನಾನು ಕ್ಲೀನಿಂಗಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಇಟ್ಕೊಂಡೆ. ಎಪಾಕ್ಸಿ ಬೆಂಗಳೂರಿಂದ ತರಿಸಿದೆ, ಸ್ಲೋ ಹಾರ್ಡ್‌ನರ್, ಬಿಸಿಲಿಗೆ ಹಳದಿ ಆಗದ ಹಾಗೆ ಯುವಿ ಸ್ಟೆಬಿಲೈಸರ್ ಇರುವಂಥದ್ದು.

ವ್ಯಾಕ್ಸ್ ತೆಗೀಲಿಕ್ಕೆ ಬೇರೆ ಊರಿನವರು ಬೋರ್ಡನ್ನು ಬಿಸಿಲಲ್ಲಿ ಇಡ್ತಾರೆ, ಇಲ್ಲಿ ಅದೂ ಬೇಡ. ನೆರಳಲ್ಲೇ ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಕೆರೆದು, ಉಳಿದದ್ದನ್ನು ಬಟ್ಟೆಗೆ ಮಿನರಲ್ ಟರ್ಪೆಂಟೈನ್ ಹಾಕಿ ಒರೆಸಿ, ಮೇಲಿಂದ ಐಸೋಪ್ರೊಪೈಲಲ್ಲಿ ಇನ್ನೊಮ್ಮೆ. ಆಮೇಲೆ ಐದು ರೂಪಾಯಿ ನಾಣ್ಯ ಹಿಡ್ಕೊಂಡು ಡೆಕ್ ಪೂರ್ತಿ ತಟ್ಟುದು. ಅಂಟಿದ ಕಡೆ ಟಣ್ ಟಣ್ ಅಂತ ಬರ್ತದೆ, ಬಿಟ್ಟ ಕಡೆ ಡಬ್ ಡಬ್. ಸೀಸದ ಪೆನ್ಸಿಲ್ ಕಪ್ಪಿನ ಮೇಲೆ ಕಾಣುದಿಲ್ಲ, ಬಿಳಿ ಚಾಕ್ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡು ಹೋದೆ. ಕಣ್ಣಿಗೆ ಅಂಗೈ ಅಗಲ ಕಂಡದ್ದು ಶಬ್ದದಲ್ಲಿ ಅದರ ಎರಡರಷ್ಟು ಇತ್ತು. ಈ ತಟ್ಟುವ ಕೆಲಸಕ್ಕೆ ಅವಸರ ಮಾಡ್ಬಾರ್ದು, ಫ್ಯಾನ್ ಆಫ್ ಮಾಡಿ, ರಸ್ತೆ ಸದ್ದು ಇಲ್ಲದ ಹೊತ್ತಲ್ಲಿ ಕೂತ್ಕೊಂಡು ಮಾಡಿ.

ಉಬ್ಬಿನ ಒಂದು ತುದಿಯಲ್ಲಿ ಎರಡು, ಇನ್ನೊಂದು ತುದಿಯಲ್ಲಿ ಎರಡು, 4 ಎಂಎಂ ತೂತು. ಡ್ರಿಲ್ ಚರ್ಮ ದಾಟಿದ ಕೂಡಲೇ ನಿಲ್ಲಿಸ್ಬೇಕು, ಬಿಟ್ಟಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಆಳ ಗುರುತು ಮಾಡ್ಕೊಂಡ್ರೆ ಸುಲಭ. ಕಾರ್ಬನ್ ಧೂಳು ಕರೆಂಟ್ ಹರಿಸ್ತದೆ, ಡ್ರಿಲ್ ಅಥವಾ ಸ್ಯಾಂಡರ್ ಮೋಟಾರಿನ ಒಳಗೆ ಹೋದ್ರೆ ಶಾರ್ಟ್ ಆಗ್ಬಹುದು, ಚರ್ಮಕ್ಕೆ ತಾಗಿದ್ರೆ ಎರಡು ದಿನ ತುರಿಕೆ, ಶ್ವಾಸಕ್ಕೆ ಹೋಗ್ಲೇಬಾರ್ದು. ಮಾಸ್ಕ್ ಹಾಕಿ, ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರ್ ಬಾಯಿ ಹಿಡಿದು ಡ್ರಿಲ್ ಮಾಡಿದ್ದು, ಮತ್ತೆ ಎಲ್ಲ ಉಜ್ಜುವ ಕೆಲಸ ವಾಟರ್ ಪೇಪರಲ್ಲಿ ನೀರು ಹಾಕ್ಕೊಂಡೇ.

ಸಂಜೆ ಐದರ ಮೇಲೆ ರೆಸಿನ್ ಹಾಕಿದೆ, ಇದಕ್ಕೊಂದು ಕಾರಣ ಉಂಟು. ಬೆಳಿಗ್ಗೆ ಹಾಕಿದ್ರೆ ಬಿಸಿಲು ಏರಿದ ಹಾಗೆ ಒಳಗಿನ ಗಾಳಿ ಹಿಗ್ಗಿ ತೂತಿನಿಂದ ಬುಳಬುಳ ಗುಳ್ಳೆ ಹೊರಗೆ ಬರ್ತದೆ, ಹಾಕಿದ ರೆಸಿನನ್ನೂ ಹೊರಗೆ ತಳ್ತದೆ. ಸಂಜೆ ಟೆಂಪರೇಚರ್ ಇಳಿಯುವಾಗ ಬೋರ್ಡೇ ಒಳಗೆ ಎಳ್ಕೊಳ್ತದೆ. ರೆಸಿನ್ ಹಾರ್ಡ್‌ನರ್ ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಮೈಕ್ರೋಬಲೂನ್ ಪುಡಿ (ಒಳಗೆ ಟೊಳ್ಳಾದ ಸಣ್ಣ ಸಣ್ಣ ಗೋಲಿಗಳ ಹಗುರ ಪುಡಿ) ಸ್ವಲ್ಪ ಸೇರಿಸಿ ಮಜ್ಜಿಗೆ ದಪ್ಪಕ್ಕೆ ತಂದು, ಸೂಜಿ ಇಲ್ಲದ ಸಿರಿಂಜಲ್ಲಿ ಒಂದು ತುದಿಯಿಂದ ತುಂಬಿಸ್ತಾ ಹೋದೆ, ಇನ್ನೊಂದು ತುದಿ ತೂತಲ್ಲಿ ಕಾಣುವವರೆಗೆ. ಒಂದೇ ಲೋಟದಲ್ಲಿ ಜಾಸ್ತಿ ಕಲಸಿ ಇಡ್ಬೇಡಿ, 30 ಡಿಗ್ರಿ ಮೇಲಿನ ನಮ್ಮ ಹವೆಯಲ್ಲಿ ಒಂದೇ ಕಡೆ ಗುಡ್ಡೆಯಾಗಿ ಇದ್ದ ಎಪಾಕ್ಸಿ ತನ್ನಷ್ಟಕ್ಕೇ ಕಾದು ಹೊಗೆ ಬರ್ತದೆ. ಆಮೇಲೆ ಮೇಲೆ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಮರಳು ಚೀಲ. ಇಟ್ಟಿಗೆ ಇಟ್ರೆ ಡೆಕ್ಕಿನ ಬಾಗಿಗೆ ಸರಿ ಕೂರುದಿಲ್ಲ, ಮರಳು ಎಲ್ಲ ಕಡೆ ಸಮ ಒತ್ತುತ್ತದೆ. ಮರುದಿನ ನಾಣ್ಯ ತಟ್ಟಿದಾಗ ಟಣ್ ಅಂದಿತಲ್ಲ, ಆ ಶಬ್ದ ಕೇಳಿ ಆದ ಖುಷಿ ಹೇಳ್ಲಿಕ್ಕೆ ಬರುದಿಲ್ಲ.

ಇನ್ನು ಬಣ್ಣ. ಕಾರ್ಬನ್ ಬೋರ್ಡ್ ಇಟ್ಕೊಂಡವರಿಗೆ ಕಪ್ಪು ಕಾಣ್ಬೇಕು ಅಂತ ಆಸೆ, ನನಗೂ ಆ ನೇಯ್ಗೆ ಅಂದ್ರೆ ಜೀವ. ಆದ್ರೆ ಬಿಸಿಲು ಬೀಳುದು ಡೆಕ್ಕಿಗೆ, ಹಾಗಾಗಿ ಡೆಕ್ ಮತ್ತೆ ರೈಲಿನ ಮೇಲಿನ ಅರ್ಧ ಬಿಳಿ, ತಳ ಪೂರ್ತಿ ಕಪ್ಪು ಹಾಗೇ ಬಿಟ್ಟೆ. ಕಾರಿಗೆ ಹೊಡೆಯುವ ಟು-ಕೆ (ಹಾರ್ಡ್‌ನರ್ ಕಲಸುವ) ಬಿಳಿ ಪೇಂಟ್ ಹೊಡೀಬಹುದು, ಬರೀ ಪೇಂಟ್ ಸಾಕು ಅನ್ನುವವರಿಗೆ ಅದೇ ಒಳ್ಳೆದು, ತೂಕವೂ ಕಡಿಮೆ. ನನಗೆ ಮೇಲೆ ಇನ್ನೊಂದು ಪದರ ಬಟ್ಟೆ ಬರ್ಲಿಕ್ಕೆ ಇದ್ದ ಕಾರಣ ಪೇಂಟ್ ಬೇಡ ಅಂತ ಮಾಡಿದೆ, ಗ್ಲಾಸ್ ಬಟ್ಟೆಯ (ಫೈಬರ್ ಗ್ಲಾಸ್) ಕೆಳಗೆ ಪೇಂಟ್ ಇದ್ರೆ ಮುಂದೆ ಒಂದು ದಿನ ಅಲ್ಲಿಂದಲೇ ಪದರ ಏಳ್ತದೆ. ಬದಲಿಗೆ ಎಪಾಕ್ಸಿಗೇ ಟೈಟಾನಿಯಂ ಡೈಆಕ್ಸೈಡ್ ಬಿಳಿ ಪೇಸ್ಟ್ ಸೇರಿಸಿದೆ, ರೆಸಿನ್ ತೂಕದ 5 ಪರ್ಸೆಂಟ್ ಒಳಗೆ, ಜಾಸ್ತಿ ಹಾಕಿದ್ರೆ ರೆಸಿನ್ ಮೆದು ಉಳೀತದೆ. ಮೊದಲು 120 ಪೇಪರಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿದೆ, ಕಪ್ಪು ನೀರು ಬರ್ಲಿಕ್ಕೆ ಸುರು ಆದ್ರೆ ಕಾರ್ಬನ್ ನಾರೇ ಕಡೀತಿದೆ ಅಂತ ಲೆಕ್ಕ, ಅಲ್ಲಿಗೆ ಕೈ ತೆಗೀಬೇಕು. ತೆಳು ಕೋಟ್, ಅಂಟು ಅಂಟು ಇರುವಾಗಲೇ ಅದರ ಮೇಲೆ ಇನ್ನೊಂದು, ಮತ್ತೊಂದು. ಕಪ್ಪು ಬಹಳ ಹಟದ ಬಣ್ಣ, ಒಂದು ಕೋಟಿಗೆ ಬೂದಿ ಬಣ್ಣ ಆಗ್ತದೆ ಅಷ್ಟೆ.

ಬಿಳಿಯ ಮೇಲೆ ಉಡುಪಿ ಸೀರೆ. ಸರ್ಫ್ ಬೋರ್ಡಿಗೆ ಬಟ್ಟೆ ಇನ್ಲೇ ಮಾಡುದು ಹಳೆ ಪದ್ಧತಿ, ಹತ್ತಿ ಬಟ್ಟೆಯನ್ನು ರೆಸಿನಲ್ಲಿ ನೆನೆಸಿ ಗ್ಲಾಸ್ ಬಟ್ಟೆಯ ಕೆಳಗೆ ಕೂರಿಸ್ತಾರೆ. ಹೊರಗಿನವರು ಹೂವಿನ ಪ್ರಿಂಟ್ ಹಾಕ್ತಾರೆ, ನಮ್ಮ ಮುಲ್ಕಿ ಪಕ್ಕದಲ್ಲೇ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸೊಸೈಟಿಯವರು ಕೈಮಗ್ಗದಲ್ಲಿ ನೇಯುವ ಸೀರೆ ಇರುವಾಗ ನನಗೆ ಬೇರೆ ಬಟ್ಟೆ ಯಾಕೆ? ಅಮ್ಮನ ಹತ್ರ ಅಲ್ಲಿಂದ ತೆಗೆದ ಹಳೆ ಸೀರೆ ಒಂದಿತ್ತು, ಕೆನೆ ಬಣ್ಣದ ಮೈ, ಕೆಂಪು ಅಂಚು. ಕೇಳಿದ್ದಕ್ಕೆ "ತೆಕ್ಕೊ, ಆದ್ರೆ ಕೈಯಲ್ಲಿ ಹರಿಬೇಡ, ಕತ್ತರಿ ಹಾಕು, ಅಂಚು ಓರೆ ಆಗ್ಬಾರ್ದು" ಅಂದ್ರು. ಕತ್ತರಿಸಿ ಕೊಟ್ಟದ್ದೂ ಅವರೇ.

ಈ ಸೀರೆ ನೂಲಿಗೆ ಮಗ್ಗದಲ್ಲೇ ಗಂಜಿ ಹಾಕಿರ್ತಾರೆ, ಮನೆಯಲ್ಲೂ ಒಗೆದಾಗೆಲ್ಲ ಗಂಜಿ. ಗಂಜಿ ಇರುವ ನೂಲಿನ ಒಳಗೆ ರೆಸಿನ್ ಇಳಿಯುದಿಲ್ಲ, ಅಲ್ಲಲ್ಲಿ ಬಿಳಿ ಒಣ ಚುಕ್ಕೆ ಉಳೀತದೆ. ಹಾಗಾಗಿ ಬಿಸಿ ನೀರಲ್ಲಿ ನೆನೆಸಿ, ಸೋಪು ಹಾಕಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ಕಂಫರ್ಟ್ ಗಿಂಫರ್ಟ್ ಎಂತದೂ ಹಾಕದೆ ಒಣಗಿಸಿ, ಕೂರಿಸುವ ಮೊದಲು ಇಸ್ತ್ರಿ ಹಾಕಿ ತೇವ ಪೂರ್ತಿ ತೆಗೆದೆ. ಒಂದು ಚೂರನ್ನು ಮೊದಲು ಬೇರೆ ಹಲಗೆಯ ಮೇಲೆ ರೆಸಿನ್ ಹಾಕಿ ಟೆಸ್ಟ್ ಮಾಡಿದೆ, ಕೆಂಪು ಬಿಡ್ತದಾ ಅಂತ ನೋಡ್ಲಿಕ್ಕೆ, ಬಿಡ್ಲಿಲ್ಲ. ಹತ್ತಿ ರೆಸಿನ್ ಕುಡಿದ ಕೂಡಲೇ ಅರ್ಧ ಪಾರದರ್ಶಕ ಆಗ್ತದೆ, ನೇರ ಕಾರ್ಬನ್ ಮೇಲೆ ಇಟ್ಟಿದ್ರೆ ಕೆನೆ ಬಣ್ಣ ಹೋಗಿ ಕೆಸರಿನ ಬಣ್ಣ ಬರ್ತಿತ್ತು, ಕೆಳಗೆ ಬಿಳಿ ಬೇಕಾದದ್ದು ಬಿಸಿಲಿಗೆ ಮಾತ್ರ ಅಲ್ಲ, ಇದಕ್ಕೂ. ಡೆಕ್ಕಿಗೆ ಪೂರ್ತಿ ಹಾಕ್ಲಿಲ್ಲ, ಮೂಗಿನಿಂದ ಎದೆ ಬರುವ ಜಾಗಕ್ಕಿಂತ ಸ್ವಲ್ಪ ಮೊದಲಿನವರೆಗೆ ಅಷ್ಟೆ, ಹತ್ತಿ ರೆಸಿನ್ ತುಂಬ ಕುಡೀತದೆ, ತೂಕ ಏರ್ತದೆ. ಸ್ಕ್ವೀಜಿಯಲ್ಲಿ (ರಬ್ಬರ್ ಪಟ್ಟಿ) ಮಧ್ಯದಿಂದ ಅಂಚಿಗೆ ಎಳೆದು ಹೆಚ್ಚಿನ ರೆಸಿನ್ ತೆಗೆದು, ಮೇಲೆ ಡೆಕ್ ಪೂರ್ತಿಗೆ 4 ಔನ್ಸ್ ಗ್ಲಾಸ್ ಬಟ್ಟೆ. ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿದ್ದೆ, ರೆಸಿನ್ ಚರ್ಮದ ಹಾಗೆ ಆದಾಗ ಬ್ಲೇಡಲ್ಲಿ ಟೇಪಿನ ಮೇಲೆ ಮಾತ್ರ ಕುಯ್ದು ಎಳೆದ್ರೆ ಗೆರೆ ಹೊಡೆದ ಹಾಗೆ ಬಿಳಿ ಕಪ್ಪು ಬೇರೆ ಆಗ್ತದೆ. ಬ್ಲೇಡ್ ಕೆಳಗಿನ ಕಾರ್ಬನ್ನಿಗೆ ತಾಗಿದ್ರೆ ರೈಲಿನ ಬಲವೇ ಹೋಯ್ತು, ಹೊಸ ಬ್ಲೇಡ್ ಹಾಕಿ, ಒತ್ತದೆ ಎಳೀರಿ.

ಗಾಳಿ ತೂತು, ಅಂದ್ರೆ ವೆಂಟ್. ಗೋರ್-ಟೆಕ್ಸ್ ತರದ ಪೊರೆ ಇರುವ ವೆಂಟ್ ಪ್ಲಗ್ ಸಿಗ್ತದೆ, ಗಾಳಿ ಬಿಡ್ತದೆ ನೀರು ಬಿಡುದಿಲ್ಲ. ಸ್ಕ್ರೂ ಇರುವ ಜಾತಿಯೂ ಉಂಟು, ನೀರಿಗೆ ಇಳಿಯುವ ಮೊದಲು ಟೈಟ್ ಮಾಡಿ ಹೊರಗೆ ಬಂದ ಮೇಲೆ ಬಿಚ್ಚಬೇಕು, ಒಮ್ಮೆ ಮರೆತ್ರೆ ಬೋರ್ಡ್ ನೀರು ಕುಡೀತದೆ, ಹಾಗಾಗಿ ನನ್ನ ಓಟು ಪೊರೆಯದ್ದಕ್ಕೆ. ಎದೆ ತಾಗದ ಹಾಗೆ ಮೂಗಿನ ಕಡೆ, ನಡು ಗೆರೆಯಲ್ಲಿ, ಪ್ಲಗ್ ಅಳತೆಗೆ ತೂತು ಕೊರೆದು ಎಪಾಕ್ಸಿ ಮೈಕ್ರೋಬಲೂನ್ ಹಾಕಿ ಕೂರಿಸಿದೆ. ಇಲ್ಲಿ ಒಂದು ಸಣ್ಣ ಆದ್ರೆ ಮುಖ್ಯ ಸಂಗತಿ: ಪ್ಲಗ್ಗಿನ ತಳ ರೆಸಿನಲ್ಲಿ ಮುಚ್ಚಿ ಹೋಗ್ತದೆ, ಹಾಗೇ ಬಿಟ್ರೆ ವೆಂಟ್ ಬರೀ ಅಲಂಕಾರ. ಸೆಟ್ ಆದ ಮೇಲೆ ಪೊರೆ ಹಾಕುವ ಮೊದಲು 3 ಎಂಎಂ ಬಿಟ್ಟಲ್ಲಿ ತಳ ದಾಟಿ ಫೋಮಿನವರೆಗೆ ಕೊರೀಬೇಕು, ಬಿಟ್ಟಿನ ತುದಿಯಲ್ಲಿ ಬಿಳಿ ಥರ್ಮಾಕೋಲ್ ಕಾಳು ಮೇಲೆ ಬಂದ್ರೆ ದಾರಿ ಆಯ್ತು.

ಆಮೇಲೆ ಪೋಸ್ಟ್ ಕ್ಯೂರ್. ಎಪಾಕ್ಸಿ ಯಾವ ಬಿಸಿಯಲ್ಲಿ ಪಕ್ವ ಆಗ್ತದೋ ಅದಕ್ಕೆ ತಕ್ಕ ಹಾಗೆ ಅದರ ತಡೆಯುವ ಶಕ್ತಿ ಏರ್ತದೆ, ಹಾಗಾಗಿ ನಿಧಾನಕ್ಕೆ ಕಾಯಿಸಿ ಹದ ಮಾಡಿದ್ರೆ ಮೆದುವಾಗುವ ಮಿತಿ ಮೇಲೆ ಹೋಗ್ತದೆ. ಪ್ಲೈವುಡ್ ತುಂಡು ಮತ್ತೆ ಹಳೆ ಕಂಬಳಿಯಲ್ಲಿ ಉದ್ದದ ಪೆಟ್ಟಿಗೆ ಕಟ್ಟಿ, ಒಳಗೆ ಹಳೆ ಕಾಲದ 100 ವ್ಯಾಟ್ ಬಲ್ಬುಗಳು, ಕಂಬಳಿಗೂ ಬೋರ್ಡಿಗೂ ತಾಗದಷ್ಟು ದೂರದಲ್ಲಿ, ಬೋರ್ಡ್ ಹತ್ರ ಎರಡು ಥರ್ಮಾಮೀಟರ್. ಗಂಟೆಗೆ 10 ಡಿಗ್ರಿಗಿಂತ ಬೇಗ ಏರಿಸ್ಲಿಲ್ಲ, 55ಕ್ಕೆ ತಂದು ಆರು ಗಂಟೆ ಹಾಗೇ ಹಿಡಿದು, ಬಲ್ಬ್ ಒಂದೊಂದೇ ಆಫ್ ಮಾಡಿ ಇಳಿಸಿದೆ. ವೆಂಟ್ ತೆರೆದಿರ್ಬೇಕು. ಬೋರ್ಡ್ ಎರಡೇ ಕಡೆ ಆಧಾರ ಕೊಟ್ಟು ಇಡ್ಬಾರ್ದು, ಕಾಯುವಾಗ ಮೆದುವಾಗಿ ರಾಕರ್ (ಬೋರ್ಡಿನ ಉದ್ದಕ್ಕೆ ಇರುವ ಬಾಗು) ಬದಲಾದ್ರೆ ಮತ್ತೆ ಸರಿ ಆಗುದಿಲ್ಲ, ನಾನು ಸ್ಪಂಜ್ ತುಂಡು ಒಂದೊಂದು ಅಡಿಗೆ ಇಟ್ಟಿದ್ದೆ. ಮನೆಯಲ್ಲಿ ಮಕ್ಕಳಿದ್ರೆ ಮತ್ತೆ ಪೆಟ್ಟಿಗೆ ಬಿಟ್ಟು ಹೊರಗೆ ಹೋಗುವ ಅಂದಾಜಿದ್ರೆ ಈ ಕೆಲಸ ಮಾಡ್ಬೇಡಿ. ನಿಮ್ಮ ರೆಸಿನ್ ಡಬ್ಬಿಯ ಜೊತೆ ಬರುವ ಕಾಗದದಲ್ಲಿ ಎಷ್ಟು ಡಿಗ್ರಿ ಎಷ್ಟು ಗಂಟೆ ಅಂತ ಇರ್ತದೆ, ಅದೇ ಪ್ರಮಾಣ, ನನ್ನ ನಂಬರ್ ಅಲ್ಲ. ಕೊನೆಗೆ 220, 320, 400 ವಾಟರ್ ಪೇಪರ್, ಅಷ್ಟಕ್ಕೆ ಬಿಟ್ಟೆ, ಡೆಕ್ಕಿಗೆ ಹೇಗೂ ವ್ಯಾಕ್ಸ್ ಬರ್ಲಿಕ್ಕೆ ಉಂಟು.

ಒಟ್ಟು ಏರಿದ ತೂಕ 300 ಗ್ರಾಂ ಆಸುಪಾಸು. ಕಾಲಿಗೆ ಗೊತ್ತಾಗ್ತದೆ, ಸುಳ್ಳು ಹೇಳುದಿಲ್ಲ, ಮೂಗು ಸ್ವಲ್ಪ ಭಾರ ಆಗಿ ಗಾಳಿ ಇದ್ದ ದಿನ ಒಳ್ಳೆದೇ ಆಯ್ತು.

ಏಪ್ರಿಲಲ್ಲಿ ಪುನಃ ಅಳತೆ ತೆಗೆದೆ. ಬಿಳಿ ಡೆಕ್ 47, ಸೀರೆಯ ಕೆನೆ ಭಾಗ 49, ಕೆಂಪು ಅಂಚು 57, ಅದೇ ಹೊತ್ತಿಗೆ ಬೋರ್ಡ್ ಮಗುಚಿ ಹಾಕಿ ಸ್ವಲ್ಪ ಹೊತ್ತು ಬಿಟ್ಟಾಗ ಕಪ್ಪು ತಳ 72. ಅಂಚು ಬೆರಳಗಲದ ಪಟ್ಟಿ, ಮೂಗಿನ ಹತ್ರ, ಅಲ್ಲಿ ಭಾರ ಬೀಳುದಿಲ್ಲ, ಹಾಗಾಗಿ ಚಿಂತೆ ಇಲ್ಲ, ಆದ್ರೆ ಎದೆ ಅಥವಾ ಹಿಂದಿನ ಕಾಲಿನ ಜಾಗಕ್ಕೆ ಗಾಢ ಬಣ್ಣದ ಡಿಸೈನ್ ಹಾಕ್ಬೇಕು ಅಂತ ಇರುವವರು ಈ ನಂಬರ್ ನೋಡಿ ಯೋಚನೆ ಮಾಡಿ.

ಬೆಳ್ಳಿ ಬಣ್ಣದ ಚೀಲ ನಾನೇ ಹೊಲಿಸಿದೆ, ಶೀಟ್ ಮಾಡಿನ ಕೆಳಗೆ ಹಾಕುವ ಬಬಲ್ ಫಾಯಿಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗ್ತದೆ, ಟೇಲ್, ಅಂದ್ರೆ ಬೋರ್ಡಿನ ಬಾಲದ ಕಡೆ ಬಾಯಿ ತೆರೆದೇ ಬಿಟ್ಟು. ಚೀಲದ ಮೇಲೆ ನೇರ ಥರ್ಮಾಮೀಟರ್ ಹಿಡಿದ್ರೆ ಸುಳ್ಳು ನಂಬರ್ ಬರ್ತದೆ, ಫಾಯಿಲ್ ತನ್ನ ಬಿಸಿ ಹೊರಗೆ ತೋರಿಸುದಿಲ್ಲ, ಒಂದು ತುಂಡು ಪೇಪರ್ ಟೇಪ್ ಅಂಟಿಸಿ ಅದರ ಮೇಲೆ ಅಳೀರಿ. ಚೀಲ ಇದೆ ಅಂತ ಗಂಟೆಗಟ್ಟಲೆ ಬಿಸಿಲಲ್ಲಿ ಬಿಡ್ಲಿಕ್ಕೆ ಆಗುದಿಲ್ಲ, ಅದು ಬಿಸಿ ಏರುದನ್ನು ತಡ ಮಾಡ್ತದೆ ಅಷ್ಟೆ. ಗಾಳಿ ಮರದ ನೆರಳು ಸಿಕ್ಕಿದ್ರೆ ಅದೇ ಬೆಸ್ಟ್, ತೆಂಗಿನ ಮರದ ಅಡಿ ಯಾವತ್ತೂ ಬೇಡ. ಮುಚ್ಚಿದ ಕಾರಿನ ಒಳಗೆ ಬೋರ್ಡ್ ಇಟ್ಟು ಊಟಕ್ಕೆ ಹೋಗುದಂತೂ ಬೀಚಲ್ಲಿ ಬಿಟ್ಟದ್ದಕ್ಕಿಂತ ಕೆಟ್ಟದ್ದು. ಇನ್ನೊಂದು, ಕಾದ ಬೋರ್ಡನ್ನು ತೆಕ್ಕೊಂಡು ಸೀದಾ ನೀರಿಗೆ ಓಡ್ಬೇಡಿ, ಒಮ್ಮೆಲೇ ತಣಿದಾಗ ಒಳಗಿನ ಗಾಳಿ ಕುಗ್ಗಿ ಕಣ್ಣಿಗೆ ಕಾಣದ ಸೀಳಲ್ಲೂ ಉಪ್ಪು ನೀರು ಎಳ್ಕೊಳ್ತದೆ. ನೆರಳಲ್ಲಿ ಹತ್ತು ನಿಮಿಷ, ಮೇಲೆ ಒಂದು ಒದ್ದೆ ಟವೆಲ್, ಆಮೇಲೆ ಹೋಗಿ.

ವಿಮಾನದಲ್ಲಿ ಚೆನ್ನೈಗೋ ಬೇರೆ ಕಡೆಗೋ ಬೋರ್ಡ್ ತೆಕ್ಕೊಂಡು ಹೋಗುವವರು ವೆಂಟ್ ಪೊರೆಯ ಮೇಲೆ ವ್ಯಾಕ್ಸ್ ಕೂತಿದೆಯಾ ಅಂತ ಮೊದಲು ನೋಡಿ. ಮೇಲೆ ಹೋದಾಗ ಹೊರಗಿನ ಒತ್ತಡ ಕಾಲು ಭಾಗದಷ್ಟು ಇಳೀತದೆ, ಅದು ಏಪ್ರಿಲ್ ಬಿಸಿಲಿಗಿಂತ ಜಾಸ್ತಿ ನೂಕ್ತದೆ. ನಾನು ವ್ಯಾಕ್ಸ್ ಹಚ್ಚುವ ಮೊದಲು ವೆಂಟಿನ ಮೇಲೆ ಎರಡು ರೂಪಾಯಿ ನಾಣ್ಯದಗಲಕ್ಕೆ ಟೇಪ್ ಅಂಟಿಸ್ತೇನೆ, ಹಚ್ಚಿ ಆದ ಕೂಡಲೇ ತೆಗೀತೇನೆ.